ಬಂದೂಕಿನ ಎಣ್ಣೆ ಕುಡಿದ ಚಾಂಟರ್

"ಸಾರ್, ಮಕ್ಕಳಿಗೆ ಯಾವ ಚಾಂಟರ್ ತಗೊಳ್ಳಲಿ?" ಎಂದು ಯಾರಾದರೂ ಫೋನ್ ಮಾಡಿದರೆ ಸಾಕು, ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಮೊನ್ನೆ ಗೋಣಿಕೊಪ್ಪಲಿನ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ ಬ್ಯಾಂಡ್ ಟೀಚರ್ ಹೀಗೆ ಕೇಳಿದಳು. ನಾನು ಕೊಡ್ಲಿಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಉತ್ತರ ಹೇಳಲು ಶುರು ಮಾಡಿದವನು ಲೋಟ ಕೈಯಲ್ಲೇ ಹಿಡಿದು ಅಂಗಳ ದಾಟಿ, ರಸ್ತೆ ದಾಟಿ, ಬಸ್ ನಿಲ್ದಾಣದವರೆಗೆ ನಡೆದುಬಿಟ್ಟಿದ್ದೆ. ಅಷ್ಟರಲ್ಲಿ ಆಕೆಯ ಫೋನಿನ ಚಾರ್ಜು ಮುಗಿಯಿತು. ನನ್ನ ಮಾತು ಮುಗಿದಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆಗೂ ಆಯಿತು, ಆಕೆಯ ಹಾಗೆ ಈ ಕೆಲಸಕ್ಕೆ ಈಗಷ್ಟೇ ಕೈಹಾಕಿದ ನಿಮ್ಮೆಲ್ಲರಿಗೂ ಆಯಿತು.

ಬ್ಯಾಗ್‌ಪೈಪ್ ಎಂದರೆ ಏನೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮನೆಗೊಬ್ಬರು ಮಿಲಿಟರಿಗೆ ಹೋದ ನಾಡು ಇದು. ಕಂಕುಳಲ್ಲಿ ಚೀಲ, ಹೆಗಲ ಮೇಲೆ ಮೂರು ಉದ್ದ ಕೊಳವೆ, ಮುಂದೆ ಬೆರಳಾಡಿಸುವ ಕೊಳವೆ. ಆದರೆ ಕಲಿಯುವವರಿಗೆ ಮೊದಲ ದಿನವೇ ಚೀಲ ಕೊಡುವುದಿಲ್ಲ. ಕೊಟ್ಟರೆ ಅವರಿಗೂ ಕಷ್ಟ, ಅಕ್ಕಪಕ್ಕದವರಿಗೂ ಕಷ್ಟ. ಮೊದಲು ಕೈಗೆ ಬರುವುದು ಪ್ರಾಕ್ಟೀಸ್ ಚಾಂಟರ್. ಕೊಳಲಿನಷ್ಟು ಉದ್ದದ, ಬಾಯಿಂದ ನೇರವಾಗಿ ಊದುವ ಸಾಧನ. ಎರಡು ತುಂಡು, ಅವು ಸೇರುವ ಕಡೆ ಒಳಗೆ ಸದ್ದು ಹೊರಡಿಸುವ ಒಂದು ರೀಡು, ಮುಂದೆ ಏಳು ತೂತು, ಹಿಂದೆ ಹೆಬ್ಬೆರಳಿಗೆ ಒಂದು. ಸದ್ದು ಬಾತುಕೋಳಿಗೆ ನೆಗಡಿ ಬಂದಂತಿರುತ್ತದೆ. ವರ್ಷಗಟ್ಟಲೆ ಇದನ್ನೇ ಊದಿ ಬೆರಳು ಪಳಗಿದ ಮೇಲೆ ಚೀಲ. ಆದ್ದರಿಂದ ಚಾಂಟರ್ ಆರಿಸುವುದೆಂದರೆ ಮಗುವಿಗೆ ಮೊದಲ ಅಕ್ಷರ ಬರೆಸಿದ ಹಾಗೆ. ಅಲ್ಲಿ ವಕ್ರವಾದರೆ ಕೊನೆಯವರೆಗೂ ವಕ್ರ.

ನಾನು ಯಾವಾಗ ಲ್ಯಾನ್ಸ್ ನಾಯಕ ಆದೆ, ಯಾವಾಗ ಹವಾಲ್ದಾರ್ ಆಗಿ, ಪೈಪರುಗಳ ಮುಖ್ಯಸ್ಥ ಅಂದರೆ ಪೈಪ್ ಮೇಜರ್ ಅನ್ನಿಸಿಕೊಂಡೆ ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ, ಅಲ್ಲೇ ಇರಲಿ. ನನಗೆ ನೆನಪಿರುವುದು ನನ್ನ ಮೊದಲ ಚಾಂಟರ್. ರೆಜಿಮೆಂಟಿನ ಬ್ಯಾಂಡಿಗೆ ಸೇರಿದ ದಿನ ನಮ್ಮ ಉಸ್ತಾದರು, ಗಢವಾಲದ ಬೆಟ್ಟದ ಕಡೆಯವರು, ನೆಲದ ಮೇಲೆ ಕಂಬಳಿ ಹಾಸಿ ಅದರ ಮೇಲೆ ಚಾಂಟರುಗಳನ್ನು ಸಾಲಾಗಿಟ್ಟು, ಆರಿಸಿಕೊಳ್ಳಿ ಎಂದರು. ಸಂತೆಯಲ್ಲಿ ಬದನೆಕಾಯಿ ಆರಿಸಿದ ಅನುಭವವೊಂದೇ ನನಗೆ. ಎಲ್ಲಕ್ಕಿಂತ ಹೊಳೆಯುವ, ಕೆಳಗೆ ಬಿಳಿ ಬಳೆ ಇದ್ದದ್ದನ್ನು ಹಾರಿ ಹಿಡಿದುಕೊಂಡೆ. ಉಸ್ತಾದರು ಒಂದು ವಾರ ನನ್ನನ್ನು ಅದರಲ್ಲೇ ಊದಲು ಬಿಟ್ಟರು. ಕೆಳಗಿನ ಸ್ವರ ಒಂದು ಊರಿಗೆ, ಮೇಲಿನದು ಇನ್ನೊಂದು ಊರಿಗೆ ಹೋಗುತ್ತಿತ್ತು. ಜೊತೆಗೆ ಹೊಸದಾಗಿ ಸೇರಿದ್ದ ರಂಗರೂಟುಗಳೆಲ್ಲ ನನ್ನಿಂದ ದೂರ ಕೂರತೊಡಗಿದರು. ವಾರದ ಕೊನೆಯಲ್ಲಿ ಉಸ್ತಾದರು ಅದನ್ನು ಕಿತ್ತುಕೊಂಡು ಬೆರಳ ಗೆಣ್ಣಿಗೆ ಡ್ರಮ್ಮಿನ ಕೋಲಿನಿಂದ ಒಂದು ಬಿಟ್ಟು, "ಕಾನ್ ಸೇ ದೇಖೋ ಬೇಟಾ" ಎಂದರು. ಕಿವಿಯಿಂದ ನೋಡು ಮಗನೆ.

ಇಡೀ ವಿದ್ಯೆ ಅಷ್ಟೇ. ಅಂಗಡಿಗೆ ಹೋದಾಗ ಬಣ್ಣ ನೋಡಬೇಡಿ, ಬಳೆ ನೋಡಬೇಡಿ. ಕೆಳಗಿನ 'ಎ' ಸ್ವರ ಊದಿ, ಆಮೇಲೆ ಮೇಲಿನ 'ಎ' ಊದಿ. ಎರಡೂ ಅಣ್ಣತಮ್ಮಂದಿರಂತೆ ಕೇಳಿಸಬೇಕು. ನಡುವಿನ ಸ್ವರಗಳು ಮೆಟ್ಟಿಲಿಳಿದಂತೆ ಬರಬೇಕು, ಒಂದರಲ್ಲೂ ಕಾಲು ಜಾರಬಾರದು. ಕೋಲಿನ ಪೆಟ್ಟು ಮಾತ್ರ ನೀವು ಕಲಿಯಬೇಡಿ. ನಾನು ಮಕ್ಕಳಿಗೆ ಎಂದೂ ಹೊಡೆದವನಲ್ಲ. ಕೋಪ ಬಂದಾಗ ಮೇಜಿಗೆ ಹೊಡೆಯುತ್ತಿದ್ದೆ. ಗೋಣಿಕೊಪ್ಪಲಿನ ಆ ಶಾಲೆಯ ಬ್ಯಾಂಡ್ ಕೋಣೆಯ ಮೇಜನ್ನು ಈಗಲೂ ನೋಡಿದರೆ ನನಗೆ ಪಾಪ ಅನಿಸುತ್ತದೆ.

ಮಿಲಿಟರಿಯಿಂದ ಬಂದ ಮೇಲೆ ನಾನು ಸೇರಿದ್ದು ಆ ಶಾಲೆಗೇ. ಸೇರಿದ ಹೊಸತರಲ್ಲಿ ಒಂದು ತಮಾಷೆ ನಡೆಯಿತು. ನನ್ನನ್ನು ಎಲ್ಲರಿಗೂ "ಇವರು ಪೈಪ್ ಮೇಜರ್" ಎಂದು ಪರಿಚಯ ಮಾಡಿದ್ದರು. ಕಾಫಿ ತೋಟದವರಿಗೆ ಪೈಪು ಎಂದರೆ ಒಂದೇ ಅರ್ಥ, ಹೂಮಳೆ ಕೈಕೊಟ್ಟಾಗ ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪು. ಮಾರನೆಯ ವಾರ ಪೋಷಕರೊಬ್ಬರು ಜೀಪು ನಿಲ್ಲಿಸಿ ನನ್ನನ್ನು ಬದಿಗೆ ಕರೆದು ಬಹಳ ಮರ್ಯಾದೆಯಿಂದ, "ಮೇಜರ್ ಸಾರ್, ನಮ್ಮ ಪೈಪಿನ ಜಾಯಿಂಟೆಲ್ಲ ಸೋರ್ತಾ ಉಂಟು. ಭಾನುವಾರ ಒಂದು ಗಳಿಗೆ ಬಂದು ನೋಡ್ತೀರಾ?" ಎಂದರು. ನಾನು ಬ್ಯಾಗ್‌ಪೈಪಿನ ಜಾಯಿಂಟೆಂದೇ ತಿಳಿದು, ಇಂಥ ಮನೆಯಲ್ಲೂ ಒಬ್ಬ ಪೈಪರ್ ಇದ್ದಾನಲ್ಲ ಎಂದು ಖುಷಿಯಾಗಿ, ಸೆಣಬಿನ ದಾರ, ಮೇಣ ಎಲ್ಲ ಚೀಲಕ್ಕೆ ಹಾಕಿಕೊಂಡು ಹೋದೆ. ಕೆರೆಯ ಏರಿಯ ಮೇಲೆ ಅಲ್ಯೂಮಿನಿಯಂ ಪೈಪುಗಳ ರಾಶಿಯ ಮುಂದೆ ನಿಲ್ಲಿಸಿದಾಗಲೇ ಯಾವ ಪೈಪೆಂದು ತಿಳಿದದ್ದು. ಆದರೆ ಬಂದದ್ದಾಗಿದೆ ಎಂದು ಒಂದು ಜಾಯಿಂಟಿಗೆ ದಾರ ಸುತ್ತಿ ಮೇಣ ಒತ್ತಿದೆ. ಅದು ಸೋರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಪ್ರಿನ್ಸಿಪಾಲ್ ಮೇಡಂ ಬಗ್ಗೆ ಹೇಳಲೇಬೇಕು. ಶಿಸ್ತಿನ ಹೆಂಗಸು. ಎಲ್ಲ ಮಕ್ಕಳಿಗೂ ಒಂದೇ ನ್ಯಾಯ, ಒಂದೇ ಬಗೆಯ ಶೂ, ಒಂದೇ ಅಳತೆಯ ರಿಬ್ಬನ್. ಸಂಗೀತದ ಕಿವಿ ಮಾತ್ರ ದೇವರು ಕೊಟ್ಟಿರಲಿಲ್ಲ, ಅದನ್ನು ಅವರೇ ನಗುತ್ತ ಹೇಳುತ್ತಿದ್ದರು. ಮೊದಲ ಸಲ ಅವರೇ ಫೋಟೋ ನೋಡಿ ಚಾಂಟರ್ ತರಿಸಿದರು. ಮರದ್ದು, ಮೈತುಂಬ ಕೆತ್ತನೆ, ಶೋಕೇಸಿನಲ್ಲಿಟ್ಟರೆ ದೃಷ್ಟಿ ತೆಗೆಯಬೇಕು. ಬೇಸಿಗೆಯಲ್ಲಿ ಹೇಗೋ ನಡೆಯಿತು. ಜೂನ್ ಹಿಡಿದ ಮಳೆ ಬಿಡದಿದ್ದಾಗ ಮರ ನೀರು ಕುಡಿದು ಊದಿಕೊಂಡಿತು. ಒಳಗಿನ ರೀಡು ಒರೆಸಲು ಬಿಚ್ಚೋಣವೆಂದರೆ ಎರಡು ತುಂಡು ಬೇರೆಯಾಗಲೊಲ್ಲವು. ಮಕ್ಕಳು ಆ ಕಡೆಗಿಬ್ಬರು ಈ ಕಡೆಗಿಬ್ಬರು ನಿಂತು ಹಗ್ಗಜಗ್ಗಾಟ ಶುರು ಮಾಡಿದರು. ಮೇಡಂ ಅದೇ ಹೊತ್ತಿಗೆ ರೌಂಡ್ಸಿಗೆ ಬಂದು, ಇದು ಯಾವ ಪೀರಿಯಡ್ ಎಂದು ಕೇಳಿದರು.

ಅದಕ್ಕೇ ನಾನು ಹೇಳುವುದು, ನಮ್ಮ ಹವೆಗೆ, ಕಲಿಯುವ ಮಕ್ಕಳಿಗೆ ಪ್ಲಾಸ್ಟಿಕ್ ಚಾಂಟರೇ ಸರಿ. ಕಪ್ಪಗಿರುತ್ತದೆ, ಚೆಂದವಿಲ್ಲ, ಆದರೆ ಮಳೆಗೆ ಮುನಿಯುವುದಿಲ್ಲ. ಕೈ ಬೆಳೆದ ಮಕ್ಕಳಿಗೆ ಉದ್ದನೆಯದನ್ನೇ ಕೊಡಿ. ಅದರ ತೂತುಗಳ ನಡುವಿನ ಅಂತರ ಮುಂದೆ ಹಿಡಿಯುವ ಬ್ಯಾಗ್‌ಪೈಪಿಗೆ ಹತ್ತಿರ. ಚಿಕ್ಕ ಕೈಗೆ ಗಿಡ್ಡದು ಕೊಡಬಹುದು, ಆದರೆ ಕಿರುಬೆರಳು ಬೆಳೆಯುತ್ತಿದ್ದಂತೆ ಬದಲಿಸಿ. ಇನ್ನೊಂದು, ಈಗ ಕರೆಂಟಿನ ಚಾಂಟರ್ ಬಂದಿದೆ. ಊದುವುದೇ ಬೇಡ, ತೂತಿನ ಜಾಗವನ್ನು ಮುಟ್ಟಿದರೆ ಇಯರ್‌ಫೋನಿನಲ್ಲಿ ಸ್ವರ. ಒಬ್ಬ ಹುಡುಗ ಅದರಲ್ಲಿ ಇಡೀ ವರ್ಷ ಮನೆಯಲ್ಲಿ ಅಭ್ಯಾಸ ಮಾಡಿ ಬಂದ. ಬೆರಳೆಂದರೆ ಬೆರಳು, ಮಿಂಚು. ನಿಜವಾದ ಚಾಂಟರ್ ಬಾಯಿಗಿಟ್ಟ ಕೂಡಲೇ ಎರಡನೇ ಸಾಲಿಗೆ ಉಸಿರು ಕಟ್ಟಿ ಬೆಂಚು ಹಿಡಿದುಕೊಂಡ. ದಡದ ಮೇಲೆ ಕೈಕಾಲು ಬಡಿದು ಈಜು ಕಲಿತವನನ್ನು ಹೊಳೆಗೆ ಇಳಿಸಿದ ಹಾಗೆ. ಅದು ಬೇಡವೆನ್ನುವುದಿಲ್ಲ. ಬಸ್ಸಿನಲ್ಲಿ ಕೂತು ಬೆರಳು ಅಭ್ಯಾಸಕ್ಕೆ ಒಳ್ಳೆಯದು. ಅದೊಂದೇ ಸಾಕೆನ್ನಬೇಡಿ.

ಕೊನೆಗೆ ಮೇಡಂ ಒಪ್ಪಿ, ಎಲ್ಲರಿಗೂ ಒಂದೇ ಬಗೆಯ ಕಪ್ಪು ಪ್ಲಾಸ್ಟಿಕ್ ಚಾಂಟರ್ ತರಿಸಿದರು. ನನ್ನ ಕೆಲಸ ಸುಸೂತ್ರವಾಯಿತು ಎಂದುಕೊಂಡೆ. ಆಗ ಬಂದಳು ದೇಚಮ್ಮ.

ದೇಚಮ್ಮ ಬಾಳೆಲೆ ಎಂಬ ಊರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಹತ್ತನೇ ಕ್ಲಾಸು. ಆಕೆಯ ತಾತ ಚಿಣ್ಣಪ್ಪನವರು ಚಿಕ್ಕಪ್ರಾಯದಲ್ಲಿ ರೆಜಿಮೆಂಟಿನ ಪೈಪರ್ ಆಗಿದ್ದು, ಸುಬೇದಾರರಾಗಿ ನಿವೃತ್ತರಾದವರು. ಮನೆಯಲ್ಲಿ ಅವರ ಚಾಂಟರಿನಲ್ಲೇ ಕಲಿತು ಬಂದಿದ್ದಳು. ನಮ್ಮಲ್ಲಿದ್ದ ಬ್ಯಾಗ್‌ಪೈಪುಗಳು ಕೆಲವೇ. ಅವುಗಳಲ್ಲಿ ಒಂದನ್ನು ನುಡಿಸುತ್ತಿದ್ದ ಹುಡುಗ ಶಾಲೆ ಮುಗಿಸಿ ಹೋಗಿದ್ದರಿಂದ ಅದು ಖಾಲಿ ಇತ್ತು. ಅದು ಯಾರಿಗೆ ಸಿಗುತ್ತದೋ ಅವರು ರಾಜ್ಯಮಟ್ಟದ ಬ್ಯಾಂಡ್ ಸ್ಪರ್ಧೆಗೆ ಹೋಗುತ್ತಾರೆ. ನಾಲ್ಕು ಮಕ್ಕಳು ಹೆಸರು ಕೊಟ್ಟರು. ಉಳಿದವರಿಗೆ ಮುಂದಿನ ವರ್ಷವಿತ್ತು, ದೇಚಮ್ಮನಿಗೆ ಇದೇ ಕೊನೆಯದು. "ಪೈಪ್ ಸಿಕ್ಕಿದ್ರೆ ಒಂದಿನ ಮನೆಗೆ ತಂದು ಊದ್ಬೇಕಂತೆ ಸಾರ್. ತಾತ ಕೇಳಿ ಎಷ್ಟೋ ವರ್ಷ ಆಯ್ತಂತೆ" ಎಂದು ಮೊದಲ ದಿನವೇ ಹೇಳಿದ್ದಳು. ಟ್ರಯಲ್ ಮಾಡಿ ಆರಿಸೋಣವೆಂದು ಮೇಡಂ ನಿಯಮ ಹಾಕಿದರು. ಒಂದೇ ಮಾರ್ಚು, ಶಾಲೆಯ ಒಂದೇ ಚಾಂಟರು, ಎಲ್ಲರೂ ಅದರಲ್ಲೇ ನುಡಿಸಬೇಕು.

ಶಾಲೆಯ ಚಾಂಟರ್ ದೇಚಮ್ಮನ ಕೈಗೆ ಕೊಟ್ಟೆ. ಊದಿದಳು. ನನಗೆ ಹಲ್ಲು ಜುಮ್ಮೆಂದಿತು. ಪ್ರತಿಯೊಂದು ಸ್ವರವೂ ಇರಬೇಕಾದದ್ದಕ್ಕಿಂತ ಕೂದಲೆಳೆ ಕೆಳಗೆ. ತಾಳ ಸರಿ, ಉಸಿರು ಸರಿ, ಬೆರಳಿನ ಓಟ ಸೊಗಸು, ಸ್ವರ ಮಾತ್ರ ಕುಸಿದು ಕೂತಿತ್ತು. ಆಕೆಗೂ ಗೊತ್ತಾಗಿ ಮುಖ ಕೆಂಪಾಗಿತ್ತು. ಕಿಟಕಿಯಾಚೆ ಹೋಗುತ್ತಿದ್ದ ಮೇಡಂಗೇ ಏನೋ ಸರಿಯಿಲ್ಲ ಅನಿಸಿತೆಂದರೆ ನೀವೇ ಊಹಿಸಿ. "ಆ ಹುಡುಗೀನ ಡ್ರಮ್ಮಿಗೆ ಹಾಕಿ ಮಾಸ್ಟರ್. ಯಾಕೆ ಅವಳಿಗೂ ಬೇಜಾರು, ನಿಮಗೂ ಬೇಜಾರು?" ಎಂದರು.

ಹಾಕಬಹುದಿತ್ತು. ಆದರೆ ನನಗೊಂದು ವಿಷಯ ಕೊರೆಯುತ್ತಿತ್ತು. ಬೇರೆ ಮಕ್ಕಳು ಊದುವಾಗ ಎಲ್ಲಾದರೂ ಸ್ವರ ತಪ್ಪಿದರೆ, ನಾನು ಮೇಜಿಗೆ ಹೊಡೆಯುವ ಮೊದಲೇ ಈ ಹುಡುಗಿಯ ಹುಬ್ಬು ಗಂಟಾಗುತ್ತಿತ್ತು. ಕಿವಿ ಇಲ್ಲದವರ ಹುಬ್ಬು ಹಾಗೆ ಗಂಟಾಗುವುದಿಲ್ಲ. "ನಾಳೆ ನಿಮ್ಮ ಮನೆ ಚಾಂಟರ್ ತಗೊಂಡು ಬಾರವ್ವ" ಎಂದೆ.

ತಂದಳು. ಹಳೆಯ ಮಿಲಿಟರಿ ಮಫ್ಲರಿನಲ್ಲಿ ಸುತ್ತಿದ್ದ ಕರಿಮರದ ಚಾಂಟರ್, ಕನ್ನಡಿಯ ಹಾಗೆ ಫಳಫಳ. ಅದನ್ನು ಬಾಯಿಗಿಟ್ಟು ಅದೇ ಮಾರ್ಚು ಊದಿದಳು ನೋಡಿ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಒಂದೊಂದು ಸ್ವರವೂ ಇರಬೇಕಾದ ಜಾಗದಲ್ಲೇ, ಮೊಳೆ ಹೊಡೆದ ಹಾಗೆ. ಚಾಂಟರಿನ ಗುಣವೇ ಇರಬೇಕೆಂದು ಅದನ್ನು ಇಸಿದುಕೊಂಡು ತೊಳೆದು ನಾನು ಊದಿದೆ. ಅಯ್ಯೋ ಶಿವನೆ. ಸ್ವರಗಳೆಲ್ಲ ಏರಿ ಕೀರಲು. ಅದೇ ಚಾಂಟರ್, ಅವಳು ಊದಿದರೆ ಸರಿ, ಪೈಪ್ ಮೇಜರ್ ಊದಿದರೆ ತಪ್ಪು. ನನ್ನ ಇಡೀ ನೌಕರಿಯಲ್ಲಿ ಹೀಗೆ ಮೈ ಜುಮ್ಮೆಂದದ್ದು ಇನ್ನೊಂದು ಸಲ ನೆನಪಿಲ್ಲ. ಮತ್ತೆ ಅವಳ ಕೈಗೆ ಕೊಟ್ಟು, ಈ ಸಲ ಕಿವಿ ಮುಚ್ಚಿಕೊಂಡು ಬೆರಳನ್ನಷ್ಟೇ ನೋಡಿದೆ.

ಅಲ್ಲಿತ್ತು ಗುಟ್ಟು. ತೂತಿನಿಂದ ಪೂರ್ತಿ ಏಳಬೇಕಾದ ಬೆರಳು ಪೂರ್ತಿ ಏಳುತ್ತಿರಲಿಲ್ಲ. ತೂತಿನ ಅಂಚನ್ನು ಚೂರೇ ಚೂರು ಮುಚ್ಚಿಕೊಂಡು ಅರ್ಧ ಮಲಗಿರುತ್ತಿತ್ತು. ತೂತು ದೊಡ್ಡದಾದರೆ ಸ್ವರ ಏರುತ್ತದೆ, ಅಂಚು ಮುಚ್ಚಿದರೆ ಇಳಿಯುತ್ತದೆ. ಏರಿದ್ದ ಸ್ವರವನ್ನು ಈ ಮಗು ಬೆರಳಿನಿಂದ ಇಳಿಸಿ ಇಳಿಸಿ ಸರಿಮಾಡಿಕೊಳ್ಳುತ್ತಿತ್ತು. ಅದೇ ಅಭ್ಯಾಸದಲ್ಲಿ ಸರಿಯಾದ ಚಾಂಟರ್ ಹಿಡಿದಾಗ ಅಲ್ಲೂ ಇಳಿಸಿಬಿಡುತ್ತಿತ್ತು. ಚಾಂಟರನ್ನು ಮೂಗಿನ ಹತ್ತಿರ ಹಿಡಿದೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು.

"ದೇಚಮ್ಮ, ಇದಕ್ಕೆ ಬಂದೂಕಿನ ಎಣ್ಣೆ ಹಾಕಿದ್ದಾರಾ?"

"ಹೂಂ ಸಾರ್. ಕೈಲ್‌ಪೊಳ್ದ್ ಹಬ್ಬಕ್ಕೆ ತಾತ ತೋಕ್ ಜೊತೆ ಇದನ್ನೂ ಕ್ಲೀನ್ ಮಾಡಿ ಪೂಜೆಗಿಡ್ತಾರೆ."

ತೋಕ್ ಎಂದರೆ ಕೋವಿ. ಹಬ್ಬದಂದು ಮನೆಯ ಕೋವಿ, ಕತ್ತಿಗಳನ್ನೆಲ್ಲ ತಿಕ್ಕಿ ತೊಳೆದು, ದೀಪದ ಮುಂದಿಟ್ಟು, ಗಂಧ ಹಚ್ಚಿ ಹೂವು ಮುಡಿಸುವುದು ಅವರ ಪದ್ಧತಿ.

"ಕ್ಲೀನ್ ಅಂದ್ರೆ ಹೆಂಗೆ?"

"ಎಣ್ಣೆ ಬಟ್ಟೆ ಒಳಗೆ ಹಾಕಿ ಎಳೀತಾರೆ. ಆಮೇಲೆ ಕಡ್ಡಿಗೆ ಎಮರಿ ಪೇಪರ್ ಸುತ್ತಿ ತೂತೆಲ್ಲ ಉಜ್ತಾರೆ. ತುಕ್ಕು ಇರಬಾರದಂತೆ."

"ಮರಕ್ಕೆ ತುಕ್ಕು ಎಲ್ಲಿಂದ ಬರ್ತದೆ ಕಣವ್ವ?"

"ನಾನೂ ಅದೇ ಕೇಳ್ದೆ ಸಾರ್. ಮಿಲಿಟ್ರಿ ಸಾಮಾನು, ಸುಮ್ನಿರು ಅಂದ್ರು."

ನಗು ತಡೆಯಲಾಗಲಿಲ್ಲ. ವರ್ಷಕ್ಕೊಂದು ಸಲ, ಅಷ್ಟು ವರ್ಷ, ಭಕ್ತಿಯಿಂದ ಉಜ್ಜಿ ಉಜ್ಜಿ ತೂತುಗಳನ್ನು ದೊಡ್ಡದು ಮಾಡಿದ್ದರು ಸುಬೇದಾರರು. ಅವರಿಗೇ ಗೊತ್ತಾಗಲಿಲ್ಲವೆ ಎಂದು ಕೇಳಿದೆ.

"ಹಲ್ಲಿನ ಸೆಟ್ಟು ಹಾಕಿದ ಮೇಲೆ ತಾತ ಊದಲ್ಲ ಸಾರ್. ಮೊದಮೊದಲು ನಾನು ಊದಿದ್ರೆ ಮುಖ ಹುಳಿ ಮಾಡ್ತಿದ್ರು. ನಂಗೆ ಬರಲ್ಲ ಅಂದ್ಕೊಂಡು ಬೇಜಾರು ಮಾಡ್ಕೊಂಡ್ರು. ಹಿಂಗೆ ಬೆರಳಿಟ್ರೆ ಸರಿ ಬರ್ತದೆ ಅಂತ ಆಮೇಲೆ ಗೊತ್ತಾಯ್ತು."

"ಚಾಂಟರೇ ಕೆಟ್ಟಿದೆ ಅಂತ ಹೇಳ್ಬಹುದಿತ್ತಲ್ಲ?"

ಅವಳು ಮಫ್ಲರ್ ಸುತ್ತುತ್ತ ಹೇಳಿದಳು. "ಅದು ಅವರ ಚಾಂಟರ್ ಅಲ್ವಾ ಸಾರ್. ಹೆಂಗೆ ಹೇಳೋದು?"

ಈಗ ತೊಡಕು ನೋಡಿ. ಬೆರಳಿನ ಆ ಅಭ್ಯಾಸ ಬಿಡಿಸದಿದ್ದರೆ ಟ್ರಯಲಿನಲ್ಲಿ ಇವಳು ಸೋಲುತ್ತಾಳೆ. ಹಗಲು ಶಾಲೆಯಲ್ಲಿ ನಾನು ಬಿಡಿಸಿದ್ದನ್ನು ಸಂಜೆ ತಾತನ ಮುಂದೆ ಅದೇ ಚಾಂಟರ್ ಊದಿ ಮತ್ತೆ ಅಂಟಿಸಿಕೊಂಡು ಬರುತ್ತಾಳೆ. ಊದದಿದ್ದರೆ ತಾತ ಯಾಕೆಂದು ಕೇಳುತ್ತಾರೆ. ಹೇಳುವುದು ಇವಳಿಂದಾಗದು. ಹಾಗಾದರೆ ಹೇಳಬೇಕಾದವನು ನಾನೇ. ನಾನೋ ಹವಾಲ್ದಾರ್, ಅವರು ಸುಬೇದಾರರು. ಮಿಲಿಟರಿ ಬಿಟ್ಟು ಎಷ್ಟು ವರ್ಷವಾದರೂ ಬೆನ್ನಿಗೆ ಆ ಲೆಕ್ಕ ಮರೆಯುವುದಿಲ್ಲ. ನಿಮ್ಮ ಚಾಂಟರನ್ನು ನೀವೇ ಹಾಳು ಮಾಡಿದ್ದೀರಿ ಸಾಬ್ ಎಂದು ಯಾವ ಬಾಯಲ್ಲಿ ಹೇಳುವುದು? ಬಾಳೆಲೆ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ವಾಕ್ಯವನ್ನು ಹಿಂದೆಮುಂದೆ ಮಾಡಿ ನೋಡಿದೆ. ಯಾವ ಕಡೆಯಿಂದ ಹೇಳಿದರೂ ಚುಚ್ಚುತ್ತಿತ್ತು. ಜೇಬಿನಲ್ಲಿ ಒಂದು ಸುರುಳಿ ಕಪ್ಪು ಟೇಪ್ ಇಟ್ಟುಕೊಂಡಿದ್ದೆ.

ಚಿಣ್ಣಪ್ಪನವರು ಬಾಗಿಲಲ್ಲೇ ನಿಂತಿದ್ದರು. ಎತ್ತರದ ಆಳು, ಮೀಸೆ ಬಿಳಿ, ಬೆನ್ನು ನೆಟ್ಟಗೆ. ನನ್ನ ಕೈ ತಾನಾಗಿಯೇ ಸೆಲ್ಯೂಟಿಗೆ ಹೋಯಿತು.

"ಬನ್ನಿ ಮಾಸ್ಟ್ರೆ, ಕೂರಿ. ಮೊದಲು ಕಾಫಿ, ಆಮೇಲೆ ಮಾತು. ಎಂತ, ನಮ್ಮ ದೇಚು ಪಾಸಾಗ್ತಾಳಾ?"

ಕಾಫಿ ಮುಗಿದ ಕೂಡಲೇ ಅವರೇ ಚಾಂಟರ್ ತರಿಸಿ ನನ್ನ ಕೈಗಿಟ್ಟರು. "ಇದು ನನ್ನ ಉಸ್ತಾದ್ ಕೊಟ್ಟದ್ದು. ಒಂದು ಮಾರ್ಚ್ ಊದಿ, ಕೇಳುವ."

ಸಿಕ್ಕಿಬಿದ್ದೆ. ಊದಿದೆ. ಕೀರಲು ಸ್ವರ ಮಾಡಿನ ಹೆಂಚಿಗೆ ಬಡಿದು ವಾಪಸ್ ಬಂತು. ಸುಬೇದಾರರು ನಕ್ಕುಬಿಟ್ಟರು. "ಎಂತ ಮಾರಾಯ್ರೆ, ರಿಟೈರ್ ಆಗುವ ಮೊದಲೇ ಬೆರಳು ರಿಟೈರ್ ಆಯ್ತಾ? ದೇಚು, ಬಾ. ನಿಮ್ಮ ಮಾಸ್ಟ್ರಿಗೆ ಸ್ವಲ್ಪ ತೋರ್ಸು." ದೇಚಮ್ಮ ನನ್ನ ಮುಖ ನೋಡಿ, ತಲೆ ತಗ್ಗಿಸಿ ಊದಿದಳು. ಸ್ವರ ಶುದ್ಧ. ಸುಬೇದಾರರ ಮುಖ ಹಬ್ಬದ ದೀಪದಂತೆ ಬೆಳಗಿತು. ಅದನ್ನು ನೋಡಿ, ಸುಮ್ಮನೆ ಎದ್ದು ಹೋಗಿಬಿಡೋಣ ಅನಿಸಿತು. ಆದರೆ ಹೋದರೆ ಹುಡುಗಿ ಸೋಲುತ್ತಾಳೆ.

"ಸಾಬ್, ಈಗ ಒಂದು ಹೊಸ ಪದ್ಧತಿ ಬಂದಿದೆ" ಎಂದೆ. "ಎಲ್ಲ ಬ್ಯಾಂಡಿನೋರೂ ತೂತಿಗೆ ಟೇಪ್ ಹಾಕ್ತಾರೆ. ಹಾಕ್ಲಾ?"

ಅದು ಸುಳ್ಳಲ್ಲ. ಈಗಿನ ಪೈಪರುಗಳು ಸ್ವರ ಹೊಂದಿಸಲು ತೂತಿನ ಮೇಲಂಚಿಗೆ ಟೇಪಿನ ಪಟ್ಟಿ ಅಂಟಿಸುತ್ತಾರೆ. ನಮ್ಮ ಕಾಲದಲ್ಲಿ ಮೇಣ ಮೆತ್ತುತ್ತಿದ್ದೆವು. ಅವರು ತಲೆಯಾಡಿಸಿದರು. ಒಂದೊಂದೇ ತೂತಿಗೆ ಅಂಟಿಸಿ, ಊದಿ, ಸರಿಸಿ, ಮತ್ತೆ ಊದಿ, ಕೊನೆಗೆ ಅದೇ ಮಾರ್ಚನ್ನು ಶುರುವಿನಿಂದ ಊದಿದೆ. ಚಾಂಟರಿಗೆ ಜೀವ ಬಂದಂತಾಯಿತು. ಸುಬೇದಾರರ ನಗು ನಿಂತಿತು.

"ಈಗ ನೀನು ಊದು ಕುಂಞಿ" ಎಂದರು ಮೊಮ್ಮಗಳಿಗೆ, ಮಗುವನ್ನು ಕರೆದ ಹಾಗೆ.

ಅವಳು ಊದಿದಳು. ಎಲ್ಲ ಸ್ವರವೂ ಕುಸಿಯಿತು. ಎರಡು ಸಾಲು ಕೇಳಿ ಅವರು ಕೈ ಎತ್ತಿ ನಿಲ್ಲಿಸಿದರು. ಕುರ್ಚಿ ಹತ್ತಿರ ಎಳೆದುಕೊಂಡು ಅವಳ ಬೆರಳುಗಳನ್ನು ಬಗ್ಗಿ ನೋಡಿದರು. ಇನ್ನೊಮ್ಮೆ ಊದಿಸಿದರು. ತೂತಿನ ಅಂಚಿನಲ್ಲಿ ಮಲಗಿದ್ದ ಬೆರಳನ್ನು ತಮ್ಮ ಬೆರಳಿನಿಂದ ಮೆಲ್ಲಗೆ ಎತ್ತಿದರು. ಸ್ವರ ಸರಿಯಾಯಿತು. ಬಿಟ್ಟರು, ಇಳಿಯಿತು. ಮತ್ತೆ ಎತ್ತಿದರು. ಹೇಳಲಾರದೆ ನಾನು ಬಸ್ಸಿನುದ್ದಕ್ಕೂ ಒದ್ದಾಡಿದ್ದನ್ನು ಆ ಒಂದು ಬೆರಳೇ ಹೇಳಿ ಮುಗಿಸಿತು.

"ನಾನು ಉಜ್ಜಿ ಉಜ್ಜಿ ದೊಡ್ಡದು ಮಾಡಿದ್ದು" ಎಂದರು ನನ್ನ ಕಡೆ ತಿರುಗಿ. "ಇವಳು ಬೆರಳಲ್ಲಿ ಮುಚ್ತಾ ಇದ್ದದ್ದು. ಅಲ್ವಾ?"

ದೇಚಮ್ಮ ಅಳತೊಡಗಿದಳು. ಅವರು ಅವಳ ತಲೆ ಸವರಿದರು. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿ, ನಾನು ಕನಸಿನಲ್ಲೂ ಎಣಿಸದ ಮಾತೊಂದನ್ನು ಆಡಿದರು. "ಸರಿ ಹವಾಲ್ದಾರ್ ಸಾಬ್, ಈಗ ಎಂತ ಮಾಡ್ಬೇಕು? ಆರ್ಡರ್ ಕೊಡಿ."

ಕೊಟ್ಟೆ. ಟೇಪು ಹಾಗೇ ಇರಲಿ. ಸಂಜೆ ಅವಳು ಇದರಲ್ಲೇ ಊದಲಿ, ನೀವು ಎದುರಿಗೆ ಕೂತು ಬೆರಳು ಕಾಯಿರಿ. ಮಲಗಿದ ಬೆರಳು ಕಂಡರೆ, ಎತ್ತು ಎನ್ನಿ. ಸುಬೇದಾರರದ್ದು ಪೆರೇಡ್ ಮೈದಾನದ ಗಂಟಲು. ಒಂದು ವಾರ ಕಳೆದ ಮೇಲೆ ಬಾಳೆಲೆ ಬಸ್ಸಿನ ಕಂಡಕ್ಟರ್ ನನ್ನನ್ನು ಕೇಳಿದ, "ಆ ಸುಬೇದಾರ್ರ ಮನೇಲಿ ದಿನಾ ಸಂಜೆ ಎತ್ತು ಎತ್ತು ಅಂತಾರಲ್ಲ, ಎಂತ ಸಾರ್ ಎತ್ತೋದು?" ಬೆರಳು ಎಂದೆ. ಅವನು ನಂಬಲಿಲ್ಲ.

ಇಲ್ಲಿ ನಿಮಗೊಂದು ಮಾತು. ಮಗು ಸ್ವರ ತಪ್ಪಿದರೆ ಮಗುವನ್ನು ಬೈಯುವ ಮೊದಲು ಚಾಂಟರನ್ನು ನೀವೇ ಒಮ್ಮೆ ಊದಿ ನೋಡಿ. ಆಮೇಲೆ, ಯಾವುದರಲ್ಲಿ ಕಲಿತು ಬಂದೆ ಎಂದು ಕೇಳಿ. ಬೆರಳಿಗೆ ಕಲಿಸಬಹುದು. ಹೆಗಲ ಮೇಲಿನ ಮೂರು ಕೊಳವೆಗಳ ಸ್ವರವನ್ನು ನುಡಿಸುತ್ತಲೇ ಹೊಂದಿಸಿಕೊಳ್ಳಬೇಕಾದ ವಾದ್ಯ ಬ್ಯಾಗ್‌ಪೈಪ್, ಅದಕ್ಕೆ ಬೇಕಾದ ಕಿವಿಯನ್ನು ಮಾತ್ರ ಯಾವ ಉಸ್ತಾದನೂ ಕೊಡಲಾರ.

ಟ್ರಯಲಿನ ದಿನ ಶಾಲೆಯ ಹಾಲಿನಲ್ಲಿ ಮೇಜಿನ ಮೇಲೆ ಶಾಲೆಯ ಕಪ್ಪು ಚಾಂಟರು, ಪಕ್ಕದಲ್ಲಿ ಬ್ಯಾಗ್‌ಪೈಪಿನ ಪೆಟ್ಟಿಗೆ. ಮೇಡಂ ಮತ್ತು ನಾನು ಮುಂದೆ, ಮನೆಯವರು ಹಿಂದಿನ ಸಾಲಿನಲ್ಲಿ. ಸುಬೇದಾರರು ಕೋಟು ಹಾಕಿಕೊಂಡು ಬಂದಿದ್ದರು. ಮೂವರು ಮಕ್ಕಳು ಒಬ್ಬರಾದ ಮೇಲೆ ಒಬ್ಬರು ನುಡಿಸಿದರು. ಚೆನ್ನಾಗಿಯೇ ನುಡಿಸಿದರು, ಒಂದೊಂದು ಕಡೆ ಎಡವಿದರು. ಹೇಗಾಯಿತು ಎಂದು ಮೇಡಂ ಕೇಳಿದಾಗ ಮೂವರದೂ ಒಂದೇ ಉತ್ತರ, "ಸೂಪರ್ ಮೇಡಂ." ಅವರ ಮೇಲೂ ನನಗೆ ಪ್ರೀತಿಯೇ ಬಂತು.

ಕೊನೆಯಲ್ಲಿ ದೇಚಮ್ಮ. ಮೊದಲ ಸ್ವರ ಸರಿಯಾಗಿ ಬಂತು. ಎರಡನೇ ಸಾಲಿಗೆ ಅವಳ ಬೆರಳುಗಳು ತೂತು ಬಿಟ್ಟು ಗುಬ್ಬಚ್ಚಿಗಳಂತೆ ಮೇಲೇಳುತ್ತಿದ್ದವು. ನಾನು ಮೇಜಿನ ಕೆಳಗೆ ನನ್ನ ಬೆರಳುಗಳನ್ನೂ ಎತ್ತುತ್ತಿದ್ದೆ. ಹಿಂದೆ ತಿರುಗಿ ನೋಡಿದರೆ ಸುಬೇದಾರರು ಕೂಗಿಬಿಟ್ಟೇನೆಂದು ಹೆದರಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮೂರನೇ ಸಾಲಿನಲ್ಲಿ ಒಂದೇ ಒಂದು ಕಡೆ ಹಳೆಯ ಅಭ್ಯಾಸ ಇಣುಕಿತು. ಅವಳು ನಿಲ್ಲಿಸದೆ ಮುಂದೆ ಹೋಗಿ ಮಾರ್ಚು ಮುಗಿಸಿದಳು. ಚಪ್ಪಾಳೆ ಬಿತ್ತು.

"ನಾಲ್ಕೂ ನನಗೆ ಒಂದೇ ಥರ ಕೇಳಿಸಿತು ಮಾಸ್ಟರ್. ನೀವೇ ಹೇಳಬೇಕು" ಎಂದು ಮೇಡಂ ಮೆಲ್ಲಗೆ ಅಂದರು.

ದೇಚಮ್ಮ ಚಾಂಟರನ್ನು ಮೇಜಿನ ಮೇಲಿಟ್ಟು, ನಮ್ಮ ಕಡೆ ನೋಡದೆ ನೇರವಾಗಿ ಹಿಂದಿನ ಸಾಲಿಗೆ ಹೋದಳು.

"ಸರಿ ಬಂತಾ ತಾತ?"

"ನನ್ನ ಕೇಳ್ಬೇಡ ಕುಂಞಿ" ಎಂದರು ಸುಬೇದಾರರು. ಅವರ ಗಂಟಲಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ, ಇಡೀ ಹಾಲಿಗೆ ಕೇಳಿಸಿತು. "ನಮ್ಮ ಮನೇಲಿ ಕಿವಿ ಇರೋದು ನಿಂಗೆ. ನೀನೇ ಹೇಳು."

ಅವಳು ಒಂದು ಕ್ಷಣ ಯೋಚಿಸಿದಳು. "ಮೂರನೇ ಸಾಲಲ್ಲಿ ಒಂದು ಕಡೆ ಬೆರಳು ಕೂತೇ ಬಿಡ್ತು ತಾತ. ಸ್ವರ ಇಳೀತು."

ಮೇಡಂ ನನ್ನ ಕಡೆ ತಿರುಗಿದರು. "ಹೌದಾ ಮಾಸ್ಟರ್? ನಮಗ್ಯಾರಿಗೂ ಗೊತ್ತಾಗಲಿಲ್ಲವಲ್ಲ."

"ಹೌದು ಮೇಡಂ. ಈ ಹಾಲಿನಲ್ಲಿ ಅದು ಕೇಳಿಸಿದ್ದು ನಮ್ಮಿಬ್ಬರಿಗೇ" ಎಂದು ಎದ್ದು, ಪೆಟ್ಟಿಗೆ ತೆರೆದು, ಬ್ಯಾಗ್‌ಪೈಪನ್ನು ಎತ್ತಿ ತಂದು ದೇಚಮ್ಮನ ಎಡ ಕಂಕುಳಿಗೆ ಕೊಟ್ಟೆ.